ತಟ್ಟೆಗೆ ಹಾಸದ ಕಾಗದ

ಅಕ್ಕ ಎಂದು ಬರೆಯುವಷ್ಟರಲ್ಲೇ ಸೀಸದ ಕಡ್ಡಿಯ ಮೊನೆ ಮುರಿಯಿತು, ಒತ್ತಿ ಬರೆಯಬಾರದೆಂದು ಊರ ಮಕ್ಕಳಿಗೆಲ್ಲ ಗದರಿದವನು ತಾನೇ, ಲೆಕ್ಕದ ಮೇಷ್ಟ್ರು ಮುನಿಗಂಗಪ್ಪ — ಪೆನ್ನಾದರೆ ಸಲೀಸು, ಆದರೆ ಶಾಯಿಯ ವಾಸನೆ ರೇಷ್ಮೆಯ ಮರಿಹುಳುಗಳಿಗೆ ಆಗದು, ಬರೆದ ಕಾಗದ ಹೋಗಬೇಕಾದದ್ದು ಅಂಚೆಗಲ್ಲ, ಅವುಗಳ ತಟ್ಟೆಯ ತಳಕ್ಕೆ, ಮೇಲೆ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಹುಳು, ಹಾಸು ಬದಲಿಸುವ ದಿನ ಹಿಕ್ಕೆಯೊಡನೆ ಕಾಗದವೂ ತಿಪ್ಪೆಗೆ, ಕಾಗದದೊಡನೆ ನೋವೂ. ಕೆಂಚಾರ್ಲಹಳ್ಳಿಯ ಈ ಹುಳುಮನೆಯಿಂದ ಹಾಗೆಯೇ ಕಾಗದವಾಗಿ ಹೋದರು ನೋಯಿಸಿದ ಹಲವರು, ಸಭೆಯಲ್ಲಿ ಹಂಗಿಸಿದ ಹೆಡ್‌ಮಾಸ್ಟರು, ಬದು ಒತ್ತಿದ ದಾಯಾದಿ, ಈಗ ಅವರ ಮುಖವೂ ಸರಿಯಾಗಿ ನೆನಪಿಗೆ ಬಾರದು, ಇವತ್ತು ಯಾರ ಸರದಿ ಮಾವ, ಸೊಸೆ ಶೈಲಜಾ ಸೊಪ್ಪು ಹೆಚ್ಚುತ್ತ ನಗುತ್ತಾಳೆ, ಬೈದಿದ್ದು ಸಾಕು ಕೊಡಿ, ನಿಮ್ ಸಿಟ್ಟು ಕುಡ್ದು ಹುಳ ಕಪ್ಪಾದಾವು, ಸುಮ್ನೆ ಸೊಪ್ಪು ಹೆಚ್ಚಮ್ಮ, ಎನ್ನುತ್ತಾನೆ — ಅಕ್ಕ, ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದುಬಿಡು ಎಂದದ್ದು ತಪ್ಪೇ, ಜೊತೆಗೆ ಹೊರಟು ಚಿಂತಾಮಣಿಯವರೆಗೂ ಬಂದವಳು ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನರೆದುರು, ನಿನ್ನ ಸಾಕಿದ್ದು ನೀನು ನನ್ನ ಸಾಕ್ಲಿ ಅಂತಲ್ಲ ಕಣಪ್ಪ, ಬಿಡು ದಾರಿ, ಎಂದವಳೇ ಗೌರಿಬಿದನೂರಿನ ಬಸ್ಸು ಹತ್ತಿ ಕಿಟಕಿಯ ಕಂಬಿ ಹಿಡಿದು ಕುಳಿತಳು, ಈಗಲೂ ತೊಂಡೇಬಾವಿಯಲ್ಲಿ ಒಬ್ಬಳೇ, ಗಂಗುಲಮ್ಮ, ಅವ್ವ ಸತ್ತ ಮೇಲೆ ಅವ್ವನಾದವಳು, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ನಿಂತು, ಕುದಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕಿ, ತಮ್ಮನನ್ನು ಓದಿಸಿದವಳು. ಹೆಚ್ಚುವರಿ ಪದ ಸಲ್ಲದು, ದರ್ಪ ಎಂಬುದನ್ನು ಹೊಡೆದುಹಾಕಿದ, ನಾನು ಕೃತಘ್ನನಲ್ಲ ಎಂಬುದನ್ನೂ, ಎಲ್ಲ ಕಳೆದು ಶೇಷ ಸೊನ್ನೆಯಾಗಬೇಕು, ಆಗುತ್ತಿಲ್ಲ, ಹಾಳೆಯಲ್ಲಿ ಉಳಿದದ್ದು ಅಕ್ಕ, ಉಂಡೆಯಾ, ಅಷ್ಟೇ — ಕೊಡಿ ಮಾವ, ಎಳೇ ಹುಳ, ಹಸ್ಕೊಂಡಿವೆ, ಶೈಲಜಾ ಕೈ ಚಾಚುತ್ತಾಳೆ, ಕೊಟ್ಟರೆ ಮುಗಿಯಿತು, ಹೆಡ್‌ಮಾಸ್ಟರ ಮುಖ ಹೋದಂತೆ ಅಕ್ಕನದೂ ಹೋಗುತ್ತದೆ, ಆ ಮಾತಿನ ಉರಿಯೂ ಆರಿದರೆ ಅವಳದೆಂಬುದು ತನ್ನಲ್ಲಿ ಇನ್ನೇನು ಉಳಿದೀತು, ಬೇರೆ ಹಾಳೆ ಹಾಸಮ್ಮ, ಇದು ಬೇಡ, ಯಾಕ್ ಮಾವ, ಬರ್ದಿರೋದೇ ಒಂದು ಸಾಲು, ಬೇಡ ಅಂದ್ನಲ್ಲ — ಬಸ್ಸು ಹೊರಟಾಗ ಅವಳು ತಿರುಗಿ ನೋಡಲಿಲ್ಲ, ಇಷ್ಟು ವರ್ಷ ಮನಸ್ಸಿನಲ್ಲಿ ಅದನ್ನೇ ಬರೆದ, ತಿರುಗಿ ನೋಡಲಿಲ್ಲ, ತಿರುಗಿ ನೋಡಲಿಲ್ಲ, ಕಂಬಿಯನ್ನು ಬರೆಯಲಿಲ್ಲ, ಕಂಬಿಯ ಮೇಲಿನ ಬೆರಳುಗಳನ್ನು, ಬೆಂದು ಬಿಳಿಚಿ ಸುಕ್ಕುಗಟ್ಟಿದ ಆ ಬೆರಳುಗಳು, ಮುದ್ದೆ ಮುರಿದು ತನ್ನ ಬಾಯಿಗಿಟ್ಟವು, ಬಸ್ಸು ತಿರುವು ದಾಟುವವರೆಗೂ ಬಿಗಿದು, ಅವಳನ್ನು ಇಳಿಯಗೊಡದೆ, ಕಂಬಿಯ ಮೇಲೆ ಆ ಬೆರಳುಗಳು —