ಚಿಂದಿಗೆ ದಿನಕ್ಕೆ ನೂರು ಮಿಲಿ

ನೀರು ಬೆಕ್ಕಿನ ಮೈಯೊಳಗೆ ಹೋಗುತ್ತಿರಲಿಲ್ಲ. ಬೆನ್ನಿನ ಆಚೆ ಬದಿಯ ಕೂದಲನ್ನು ನೆನೆಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಿದು, ಅಂಚಿನಿಂದ ಟೈಲರಮ್ಮನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

“ನನ್ನ ತೋಳೆಲ್ಲ ಒದ್ದೆ ಆಯ್ತಲ್ಲೇ! ಉಚ್ಚೆ ಹೊಯ್ತೇನೇ ಇದು?” ಎಂದರು ಅತ್ತೆ. ಎರಡೂ ಕೈಯಿಂದ ಬೆಕ್ಕಿನ ಭುಜ ಹಿಡಿದಿದ್ದರೂ ಸೂಜಿ ನೋಡಲಾರದೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

“ಉಚ್ಚೆ ಅಲ್ಲ ಅತ್ತೆ, ಔಷಧಿ.”

“ಔಷಧಿ ಬೆಕ್ಕಿಗೋ, ನನಗೋ?”

ಟೈಲರಮ್ಮ ಕೊಳವೆಯ ಮೇಲಿನ ಪುಟ್ಟ ಚಕ್ರ ತಿರುಗಿಸಿ ನೀರು ನಿಲ್ಲಿಸಿದಳು. ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ನೋಡಿದಳು. ಎತ್ತಿ ಹಿಡಿದ ಚರ್ಮದ ಈ ಬದಿಯಲ್ಲಿ ಒಳಹೊಕ್ಕ ಸೂಜಿ ಆ ಬದಿಯ ಕೂದಲಿನ ನಡುವೆ ಮೊನೆ ತೋರಿಸಿಕೊಂಡು ನಿಂತಿತ್ತು. ನಿನ್ನೆ ಎರಡು ಸಲವೂ ಹೀಗೇ ಆಗಿತ್ತು. ಇವತ್ತು ಬೆಳಿಗ್ಗೆ ಇದು ಎರಡನೆಯದು. ಒಂದು ಹೊತ್ತಿಗೆ ಎರಡಕ್ಕಿಂತ ಹೆಚ್ಚು ಚುಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರು. ಆಕೆ ಸೂಜಿ ಎಳೆದು ಹತ್ತಿ ಒತ್ತಿದಳು. ಬೆಕ್ಕು ಅತ್ತೆಯ ಕೈಯಿಂದ ಕೊಸರಿಕೊಂಡು ಮೇಜಿನ ಅಂಚಿನವರೆಗೆ ಹೋಗಿ, ಹಾರಲಾಗದೆ ಅಲ್ಲೇ ನಿಂತಿತು. ಟೈಲರಮ್ಮ ಎತ್ತಿ ಕೆಳಗಿಟ್ಟ ಮೇಲೆ ಹೊಲಿಗೆ ಮೆಷಿನ್ನಿನ ಅಡಿಗೆ ನುಸುಳಿತು.

ಬೆಕ್ಕಿನ ಹೆಸರು ಚಿಂದಿ. ಹದಿನಾರು ವರ್ಷದ ಹಿಂದೆ ಅಂಗಡಿಯ ಚಿಂದಿ ಬುಟ್ಟಿಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ಎರಡು ವರ್ಷದ ಹಿಂದೆ ನಾಲ್ಕು ಕಿಲೋ ದಾಟಿದ್ದ ತೂಕ ಈಗ ಎರಡು ಕಿಲೋ ಎಂಟುನೂರು ಗ್ರಾಂಗೆ ಇಳಿದಿತ್ತು. ಕಿಡ್ನಿ ಸೋತಿದ್ದವು. ಕುಡಿದ ನೀರೆಲ್ಲ ಹಾಗೇ ಹೊರಗೆ ಹೋಗಿ ಮೈ ಒಣಗುತ್ತಿತ್ತು. ಹೊಟ್ಟೆ ತೊಳಸಿ ಊಟ ಸೇರುತ್ತಿರಲಿಲ್ಲ.

“ಗುಣ ಆಗೋ ಕಾಯಿಲೆ ಅಲ್ಲ ಇದು,” ಎಂದಿದ್ದರು ಪಶುವೈದ್ಯೆ. ಇನ್ನೂ ಮೂವತ್ತು ತುಂಬದ ಹುಡುಗಿ; ಮಾತು ಮಾತ್ರ ಅಳೆದು ಕತ್ತರಿಸಿದಂತೆ. “ಆದರೆ ದಿನಕ್ಕೆ ನೂರು ಮಿಲಿ ಚರ್ಮದ ಕೆಳಗೆ ಹೋದರೆ ಕೆಲವು ತಿಂಗಳು, ಅದೃಷ್ಟ ಇದ್ದರೆ ಒಂದು ವರ್ಷ, ತನ್ನ ಪಾಡಿಗೆ ತಾನು ನೆಮ್ಮದಿಯಾಗಿರುತ್ತೆ.”

ಮೂರು ದಿನ ಕ್ಲಿನಿಕ್ಕಿನಲ್ಲೇ ಹಾಕಿದರು. ಎರಡು ಬಸ್ಸು ಬದಲಾಯಿಸಬೇಕಿತ್ತು. ಮೂರನೇ ದಿನ ಚಿಂದಿ ಹೊತ್ತು ತಂದ ಡಬ್ಬದೊಳಗೆ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಡಾಕ್ಟರು ಅದನ್ನು ನೋಡಿ, “ದಿನಾ ಇಲ್ಲಿಗೆ ತರೋದೇ ಇದಕ್ಕೆ ದೊಡ್ಡ ಶಿಕ್ಷೆ. ಮನೇಲಿ ಹಾಕೋದು ಕಲೀರಿ. ಸೋಮವಾರ ತೂಕ ನೋಡೋಣ. ಮನೇಲೂ ಆಗಲಿಲ್ಲ ಅಂದ್ರೆ ನರಳಿಸೋದು ಬೇಡ, ಬೇರೆ ದಾರಿ ಮಾತಾಡೋಣ,” ಎಂದರು.

ಬೇರೆ ದಾರಿ ಯಾವುದೆಂದು ಟೈಲರಮ್ಮ ಕೇಳಲಿಲ್ಲ. ಸೂಜಿಯ ಬಗ್ಗೆ ಕೇಳಿದಳು.

“ಇಪ್ಪತ್ತನೇ ನಂಬರ್,” ಎಂದರು ಡಾಕ್ಟರು.

“ಅಯ್ಯೋ, ಅಷ್ಟು ದಪ್ಪದ್ದಾ? ಜೀನ್ಸ್ ಹೊಲಿಯೋಕೂ ನಾನು ಹದಿನೆಂಟು ದಾಟಲ್ಲ.”

“ನಮ್ಮಲ್ಲಿ ಲೆಕ್ಕ ಉಲ್ಟಾ ಅಮ್ಮ. ನಂಬರ್ ಏರಿದಷ್ಟೂ ಸೂಜಿ ಸಣ್ಣ ಆಗುತ್ತೆ.”

“ಸರಿ ಬಿಡಿ. ಸೂಜಿ ಹಿಡಿದು ಮೂವತ್ತೊಂದು ವರ್ಷ ಆಯ್ತು. ಅದನ್ನ ನನಗೆ ಬಿಟ್ಟುಬಿಡಿ.”

ಹಾಗೆ ಹೇಳಿ ಬಂದು ಇದು ಎರಡನೇ ದಿನ. ಶನಿವಾರ. ಬೆಳಿಗ್ಗೆ ಹತ್ತೂ ಇಪ್ಪತ್ತು.

ಅತ್ತೆ ರವಿಕೆಯ ಒದ್ದೆ ತೋಳು ಹಿಂಡಿಕೊಂಡರು. “ನನ್ನ ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳಿ ಅಂತೀಯ. ಈ ಮುದಿ ಬೆಕ್ಕಿಗೆ ಗ್ಲೂಕೋಸ್ ಬಾಟ್ಲಿ. ಮುಂದಿನ ಜನ್ಮ ಅಂತಿದ್ರೆ ನಿನ್ನ ಮನೆ ಬೆಕ್ಕಾಗೇ ಹುಟ್ಟಬೇಕು.”

“ಗ್ಲೂಕೋಸ್ ಅಲ್ಲ, ಉಪ್ಪುನೀರು. ಮಂಡಿಗೆ ಡಾಕ್ಟರ ಹತ್ರ ಹೋಗೋಣ ಅಂದ್ರೆ ಮಂಚದ ಕಾಲು ಹಿಡ್ಕೊಂಡು ಕೂತವರು ಯಾರು?”

“ಬಿಟ್ಟುಬಿಡೇ ಅದನ್ನ,” ಎಂದರು ಅತ್ತೆ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. “ವಯಸ್ಸಾಯ್ತು. ಯಾಕೆ ಚುಚ್ಚಿ ಚುಚ್ಚಿ ಸಾಯಿಸ್ತೀಯ? ನನ್ನ ಮಗನಿಗೂ ಹೀಗೇ ಬಾಟ್ಲಿ ನೇತುಹಾಕಿದ್ರು. ಒಂದಾದ ಮೇಲೆ ಒಂದು ಬಾಟ್ಲಿ ಖಾಲಿ ಆಯ್ತು, ಅಷ್ಟೇ.”

ಟೈಲರಮ್ಮ ಮೇಜು ಒರೆಸುತ್ತಿದ್ದಳು. ಗಂಡ ತೀರಿಕೊಂಡು ಏಳು ವರ್ಷ. ಆ ಮಾತು ಈ ಮನೆಯಲ್ಲಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

“ಆಸ್ಪತ್ರೇಲಿ ನಮ್ಮನ್ನ ಬಾಗಿಲ ಹೊರಗೆ ಕೂರಿಸಿದ್ರು ಅತ್ತೆ,” ಎಂದಳು. “ಇಲ್ಲಿ ಬಾಗಿಲು ನಮ್ಮದು. ನಾಲ್ಕು ಗಂಟೆಗೆ ಇನ್ನೊಂದು ಸಲ ಹಿಡ್ಕೊಳ್ಳಿ. ಆಗ್ಲಿಲ್ಲ ಅಂದ್ರೆ ಮಾತಾಡೋಣ.”

ಅತ್ತೆ ಒಳಗೆ ಹೋದರು.

ಹನ್ನೊಂದಕ್ಕೆ ಡ್ರೈವಿಂಗ್ ಶಾಲೆಯ ಮೇಷ್ಟ್ರು ಸಡಿಲ ಮಾಡಿಸಲು ಕೋಟು ತಂದರು. ಎದುರು ಬೀದಿಯವರು; ಯಾವ ಮನೆಯ ಸುದ್ದಿಯೂ ಅವರಿಗೆ ಆ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತಿತ್ತು. “ಬೆಕ್ಕಿಗೆ ಡ್ರಿಪ್ ಹಾಕ್ತಿದೀರಂತೆ? ಮುಂದಿನ ವಾರ ಕನ್ನಡಕ ಮಾಡಿಸ್ತೀರೋ, ಹಲ್ಲಿನ ಸೆಟ್ಟೋ?”

ಆಕೆ ಟೇಪನ್ನು ಅವರ ಹೊಟ್ಟೆಯ ಸುತ್ತ ಎಳೆದು ನೋಡಿದಳು. “ಹೋದ ವರ್ಷಕ್ಕಿಂತ ಎರಡೂವರೆ ಇಂಚು ಜಾಸ್ತಿ, ಮೇಷ್ಟ್ರೇ. ನಮ್ಮ ಬೆಕ್ಕು ಕಳಕೊಂಡಿದ್ದೆಲ್ಲ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ.”

ಮೇಷ್ಟ್ರು ನಕ್ಕು, ಕೋಟು ಬಿಟ್ಟು ಹೋದರು.

ಮಧ್ಯಾಹ್ನ ಶಾಲೆಯ ಸಮವಸ್ತ್ರದ ಕೆಲಸ. ಇಪ್ಪತ್ತನಾಲ್ಕು ಚಡ್ಡಿಗಳ ಸೊಂಟಪಟ್ಟಿಗಳಿಗೆ ಎಲಾಸ್ಟಿಕ್ ಹಾಕಬೇಕಿತ್ತು. ಟೈಲರಮ್ಮ ಎಲಾಸ್ಟಿಕ್‌ನ ತುದಿಗೆ ಪಿನ್ನು ಸಿಕ್ಕಿಸಿ ಪಟ್ಟಿಯ ಬಾಯಿಯಿಂದ ಒಳಗೆ ತೂರಿಸಿದಳು. ಕಣ್ಣು ಮೆಷಿನ್ನಿನ ಅಡಿಯ ಕಡೆಗಿತ್ತು. ಚಿಂದಿ ನೀರಿನ ಬಟ್ಟಲಿನ ಮುಂದೆ ಮುಖ ಇಟ್ಟು ಕುಳಿತಿತ್ತು, ಕುಡಿಯುತ್ತಿರಲಿಲ್ಲ. ಬೆಳಗಿನ ಊಟ ತಟ್ಟೆಯಲ್ಲಿ ಒಣಗಿತ್ತು.

ಆರನೇ ಚಡ್ಡಿಯಲ್ಲಿ ಆಕೆಯ ಕೈ ನಿಂತಿತು.

ಪಿನ್ನು ಎರಡು ಪದರಗಳ ನಡುವೆ ಅರ್ಧ ಸೊಂಟ ಸುತ್ತಿ ಬಂದಿತ್ತು. ಯಾವ ಪದರವನ್ನೂ ತಾಗಿರಲಿಲ್ಲ. ಆಕೆ ಪಿನ್ನನ್ನು ತಳ್ಳುತ್ತಿರಲಿಲ್ಲ. ಪಿನ್ನನ್ನು ಸುಮ್ಮನೆ ಹಿಡಿದು, ಬಟ್ಟೆಯನ್ನು ಅದರ ಮೇಲೆ ಎಳೆದುಕೊಳ್ಳುತ್ತಿದ್ದಳು. ತನ್ನ ಎಡಗೈಯನ್ನು ನೋಡಿಕೊಂಡಳು. ಹೊಲಿಯುವಾಗ ಆ ಕೈಯ ತೋರುಬೆರಳು ಯಾವಾಗಲೂ ಬಟ್ಟೆಯ ಆಚೆ ಬದಿಯಲ್ಲಿ ಕಾದಿರುತ್ತದೆ. ಸೂಜಿಯ ಮೊನೆ ತಾಕಿದರೆ ಹೊಲಿಗೆ ಬಿತ್ತು ಎಂದರ್ಥ. ಮೂವತ್ತೊಂದು ವರ್ಷ ಈಕೆಯ ಕೈಗೆ ಬಂದ ಯಾವ ಸೂಜಿಯೂ ಒಳಗೆ ಹೋಗಿ ಒಳಗೇ ಉಳಿದದ್ದಿಲ್ಲ. ನಿನ್ನೆ ಎರಡು, ಇವತ್ತು ಎರಡು, ಒಟ್ಟು ನಾಲ್ಕು ಹೊಲಿಗೆ ಹಾಕಿದ್ದಳು ಬೆಕ್ಕಿಗೆ. ಒಳ್ಳೆಯ ಹೊಲಿಗೆಗಳೇ.

ಆಕೆ ಚಡ್ಡಿ ಬದಿಗಿಟ್ಟು ಹೊಸ ಸೂಜಿ ಒಂದನ್ನು ಬಿಚ್ಚಿದಳು. ಮೇಷ್ಟ್ರ ಕೋಟನ್ನು ಮೇಜಿನ ಮೇಲೆ ಹರಡಿ ತೋಳಿನ ಬಟ್ಟೆಯನ್ನು ಚಿವುಟಿ ಎತ್ತಿದಳು. ಹೊರಗಿನ ಬಟ್ಟೆಗೂ ಒಳಗಿನ ಲೈನಿಂಗ್‌ಗೂ ನಡುವೆ ಸೂಜಿ ನಿಲ್ಲಬೇಕು. ಮೊದಲ ಮೂರು ಸಲ ಲೈನಿಂಗ್ ಸಿಕ್ಕಿಕೊಂಡಿತು. ನಾಲ್ಕನೆಯ ಸಲ ಎಡ ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿ, ಹೆಬ್ಬೆರಳು ಮತ್ತು ನಡುಬೆರಳಿನಲ್ಲೇ ಬಟ್ಟೆ ಹಿಡಿದಳು. ಮೊನೆ ಒಳಗೆ ಹೋದ ಕೂಡಲೇ ಬಲಗೈ ನಿಲ್ಲಿಸಿ ಬಟ್ಟೆಯನ್ನು ಸೂಜಿಯ ಮೇಲೆ ಎಳೆದುಕೊಂಡಳು. ತೋಳಿನ ಒಳಮೈ ಹೊರಗೆ ಮಾಡಿ ನೋಡಿದಳು. ಲೈನಿಂಗ್ ಹಾಗೇ ಇತ್ತು. ಇನ್ನೂ ಹತ್ತು ಸಲ ಮಾಡಿದಳು. ಹತ್ತರಲ್ಲಿ ಒಂದು ತಪ್ಪಿತು. ಮತ್ತೆ ಹತ್ತು ಮಾಡಿದಳು, ಒಂದೂ ತಪ್ಪಲಿಲ್ಲ. ಆ ಸೂಜಿಯನ್ನು ಬಿಸಾಡಿದಳು.

ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಔಷಧಿಯ ಚೀಲವನ್ನು ಬಿಸಿನೀರಿನ ಪಾತ್ರೆಯಿಂದ ತೆಗೆದು ಒರೆಸಿ, ಮುಂಗೈಗೆ ತಾಗಿಸಿ ನೋಡಿ, ಕಿಟಕಿಯ ಸರಳಿಗೆ ತೂಗುಹಾಕಿದಳು. ಮೇಜಿನ ಮೇಲೆ ಮಡಚಿದ ಉಣ್ಣೆಬಟ್ಟೆ ಹಾಸಿದಳು. ಚಿಂದಿಯನ್ನು ಎತ್ತಿಕೊಂಡು ಬಂದು ಕೂರಿಸಿದಳು. ಅತ್ತೆಯನ್ನು ಕರೆಯಲಿಲ್ಲ. ಅವರೇ ಬಂದರು. ಈ ಸಲ ರವಿಕೆಯ ತೋಳು ಮೊಣಕೈವರೆಗೆ ಮಡಚಿಕೊಂಡಿದ್ದರು.

“ನಿನಗೆ ಹಟ ಅಂದ್ರೆ ಹಟ,” ಎಂದರು. “ಹೂಂ, ಮಾಡು. ಈ ಸಲ ಒದ್ದೆ ಮಾಡಿದ್ರೆ ನಿನ್ನನ್ನೇ ಒಗೆಯೋಕೆ ಹಾಕ್ತೀನಿ.”

ಚರ್ಮ ಎತ್ತಿದಾಗ ಕೋಟಿಗಿಂತ ತೆಳುವಾಗಿತ್ತು, ಬೆಚ್ಚಗಿತ್ತು. ಟೈಲರಮ್ಮ ತೋರುಬೆರಳು ಮಡಚಿದಳು. ಸೂಜಿ ಇಟ್ಟಳು. ಒಳಗೆ ಹೋಯಿತು. ಬಲಗೈ ಮುಂದಕ್ಕೆ ಹೋಗಲು ನೋಡಿತು, ಬಿಡಲಿಲ್ಲ. ಚರ್ಮವನ್ನು ಮೆಲ್ಲಗೆ ಸೂಜಿಯ ಮೇಲೆ ಎಳೆದುಕೊಂಡಳು. ಬೆಕ್ಕು ಒಮ್ಮೆ ಕಿವಿ ಕೊಡವಿತು, ಅಷ್ಟೇ.

“ಅತ್ತೆ, ಚಕ್ರ ತಿರುಗಿಸಿ. ನಿಮ್ಮ ಕಡೆಗೆ.”

ಅತ್ತೆ ಸೂಜಿಯನ್ನು ನೇರ ನೋಡುತ್ತಲೇ ತಿರುಗಿಸಿದರು. ಹನಿ ಬಿತ್ತು, ಇನ್ನೊಂದು ಬಿತ್ತು, ಆಮೇಲೆ ಹನಿಗಳು ಸಾಲುಗಟ್ಟಿದವು. ಇಬ್ಬರೂ ಮೇಜನ್ನು ನೋಡಿದರು. ಉಣ್ಣೆಬಟ್ಟೆ ಒದ್ದೆಯಾಗಿರಲಿಲ್ಲ.

“ಎಲ್ಲಿ ಹೋಗ್ತಿದೆ ನೀರು?”

“ಒಳಗೆ.”

ನೂರು ಮಿಲಿಗೆ ಒಂಬತ್ತು ನಿಮಿಷ ಹಿಡಿಯಿತು. ಅತ್ತೆಯ ಹೆಬ್ಬೆರಳು ಬೆಕ್ಕಿನ ಗಲ್ಲದ ಕೆಳಗೆ ಓಡಾಡುತ್ತಿತ್ತು. ಐದನೇ ನಿಮಿಷಕ್ಕೆ ಅವರು ಚೀಲದ ಮೇಲೆ ಕೈಯಿಟ್ಟು ನೋಡಿದರು.

“ಬೆಚ್ಚಗಿದೆ.”

“ಹೂಂ. ತಣ್ಣಗಿದ್ರೆ ಮೈ ನಡುಗುತ್ತಂತೆ.”

“ಅವನು ಚಳಿ ಚಳಿ ಅಂತಿದ್ದ,” ಎಂದರು ಅತ್ತೆ. “ಹೊದಿಕೆ ಕೇಳಿದ್ದ. ಬಾಟ್ಲಿ ಬೆಚ್ಚಗೆ ಮಾಡಬಹುದು ಅಂತ ಯಾರೂ ಹೇಳಲಿಲ್ಲ.”

ಟೈಲರಮ್ಮ ಚೀಲದ ಗೆರೆಗಳನ್ನು ನೋಡುತ್ತಿದ್ದಳು. ನೂರು ಮಿಲಿಯಷ್ಟು ಇಳಿದಾಗ ಚಕ್ರ ಮುಚ್ಚಿ, ಸೂಜಿ ತೆಗೆದು, ಚುಚ್ಚಿದ ಜಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು. ನೆಲಕ್ಕಿಳಿಸಿದಾಗ ಚಿಂದಿಯ ಬೆನ್ನ ಮೇಲೆ ಕಿತ್ತಳೆಹಣ್ಣಿನ ಗಾತ್ರದ ಗುಬುಟು ಎದ್ದಿತ್ತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಅದು ಎಡಭುಜಕ್ಕೆ ಜಾರಿತು. ಬೆಕ್ಕು ಒಂದು ಹೆಗಲಿಗೆ ಭಾರದ ಚೀಲ ಹಾಕಿಕೊಂಡವರ ಹಾಗೆ ವಾಲಿಕೊಂಡು ನಡೆಯಿತು.

“ಅಯ್ಯೋ, ಇದೇನೇ, ಒಂಟೆ ಮಾಡಿಬಿಟ್ಟೆಯಲ್ಲೇ!”

“ಸಂಜೆ ಹೊತ್ತಿಗೆ ಇಳಿಯುತ್ತೆ. ನಾಳೆ ಮತ್ತೆ ನಾಲ್ಕಕ್ಕೆ.”

“ನಾಲ್ಕಕ್ಕೆ ನನಗೆ ನಿದ್ದೆ ಹತ್ತುತ್ತೆ. ಮೂರೂವರೆಗೆ ಇಟ್ಕೋ.”

ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿತ್ತು. ಹಾರಲಾಗದ ಬೆಕ್ಕಿಗೆಂದು ಟೈಲರಮ್ಮ ಬಟ್ಟೆಯ ಸುರುಳಿಗಳನ್ನು ಮೆಟ್ಟಿಲಿನಂತೆ ಜೋಡಿಸಿದ್ದಳು. ಚಿಂದಿ ಮೊದಲನೆಯದನ್ನು ಹತ್ತಿತು. ಎರಡನೆಯದರ ಮೇಲೆ ಗುಬುಟು ತೂಗಿದ ಕಡೆ ಮೈ ವಾಲಿತು. ಅಲ್ಲೇ ನಿಂತು ಮೇಲೆ ನೋಡಿತು. ಅತ್ತೆ ಮಂಡಿ ಹಿಡಿದುಕೊಂಡು ಅದರ ಹಿಂದೆ ಹೋಗಿ, ಮುಟ್ಟದೆ, ಎರಡೂ ಅಂಗೈಗಳನ್ನು ಅದರ ಕೆಳಗೆ ಒಡ್ಡಿ ನಿಂತರು.