ಎಡಗೆನ್ನೆ

"ಹೊರಗ" ಎಂದಳು ಅನ್ನವ್ವ. ಚೆಂಡು ಇನ್ನೂ ಗಂಡನ ಕೈಯಲ್ಲೇ ಇತ್ತು. ಅದು ಹಿತ್ತಲಿನ ನೆಲಕ್ಕೆ ಬಿದ್ದು ಪುಟಿದು, ಅವಳು ಹೇಳಿದಂತೆ ಹೊರಕ್ಕೇ ತಿರುಗಿ ಗೋಡೆಗೆ ಬಡಿಯಿತು.

ಉಳಿವೆಪ್ಪ ಮತ್ತೆ ಓಡಿಬಂದ. "ಒಳಗ" ಎಂದಳು. ಒಳಕ್ಕೇ ಬಂತು.

ಅವನು ಚೆಂಡನ್ನು ಎತ್ತಿಕೊಳ್ಳದೆ ಅಲ್ಲೇ ಕುಕ್ಕರಿಸಿದ. "ನಿನಗ ಗೊತ್ತಾಗತೈತಿ ಅಂದ್ರ ಹಾವೇರಿ ಟೀಮಿನವ್ರಿಗೆ ಗೊತ್ತಾಗದ ಇರತೈತೇನ? ಬೆರಳ ನೋಡಿದ್ಯಾ, ಮಣಿಕಟ್ಟ ನೋಡಿದ್ಯಾ?"

"ಬೆರಳ್ಯಾಕ ನೋಡ್ಲಿ? ನಿಮ್ಮ ಮಾರಿ ನೋಡಿದೆ."

ಸವಣೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಉಳಿವೆಪ್ಪನಿಗೆ ಭಾನುವಾರ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರ ಕ್ರಿಕೆಟ್ ತಂಡದ ಸ್ಪಿನ್ ಬೌಲರ್ ಅವನು. ಅವನ ಚೆಂಡು ಬ್ಯಾಟಿನಿಂದ ಹೊರಕ್ಕೆ ತಿರುಗುತ್ತಿತ್ತು. ನಡುವೆ ಯಾವಾಗಲೋ ಒಂದು ಗೂಗ್ಲಿ. ಅದೇ ಓಟ, ಅದೇ ಕೈ, ಆದರೆ ಒಳಕ್ಕೆ ನುಗ್ಗುತ್ತಿತ್ತು. ಅನ್ನವ್ವ ಅದಕ್ಕೆ ಕಳ್ಳಚೆಂಡು ಎಂದು ಹೆಸರಿಟ್ಟಿದ್ದಳು. ಈಚೆಗೆ ಆ ಕಳ್ಳನನ್ನು ಎಲ್ಲರೂ ಬಾಗಿಲಲ್ಲೇ ಹಿಡಿಯತೊಡಗಿದ್ದರು. ಹಾವೇರಿಯವರಂತೂ ಕಾದು ಕೂತು ಬಾರಿಸಿದ್ದರು. "ಹಿರೇಕೆರೂರ ಮ್ಯಾಚಿನ್ಯಾಗೂ ಹಿಂಗಾದ್ರ ನಿನ್ನ ಹೊರಗ ಕೂಡಸ್ತೇನಿ ನೋಡಪಾ" ಎಂದಿದ್ದ ಕ್ಯಾಪ್ಟನ್ ಖಲಂದರ. ಅಂದಿನಿಂದ ಉಳಿವೆಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ಯಾರದೋ ಗೋದಿಗೆ ಯಾರದೋ ಜೋಳ ಬೆರೆಸಿ ಗಿರಣಿಯಲ್ಲಿ ಬೈಸಿಕೊಂಡಿದ್ದ.

"ಕಳ್ಳಚೆಂಡ ಒಗಿಯೂವಾಗ ನಾಲಿಗಿ ಇಲ್ಲಿ ಒತ್ತತೀರಿ." ಅನ್ನವ್ವ ಅವನ ಎಡಗೆನ್ನೆಯನ್ನು ಬೆರಳಿನಿಂದ ತಿವಿದಳು. "ಅಡಕಿ ಹೋಳ ಇಟಗೊಂಡಂಗ ಉಬ್ಬತೈತಿ. ಸುಳ್ಳ ಹೇಳೂವಾಗೂ ಹಂಗ. ಮದುವ್ಯಾದ ವರ್ಷಾನ ಕಂಡ ಹಿಡದೇನಿ."

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಹೇಳಿದ್ರ ನನಗೇನ ಉಳೀತಿತ್ತರಿ?" ಎಂದು ನಕ್ಕಳು.

ನಕ್ಕರೂ ಅದು ಸಣ್ಣ ಆಸ್ತಿಯಾಗಿರಲಿಲ್ಲ. ಊರು ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವರ ಮದುವೆಯಾದದ್ದು. ಆರು ವರ್ಷ ಕಳೆದರೂ ಮಡಿಲು ತುಂಬಿರಲಿಲ್ಲ. ಹಂಸಭಾವಿಯಲ್ಲಿರುವ ತನ್ನ ತಮ್ಮನ ಮಗಳನ್ನು ಮಗನಿಗೆ ಎರಡನೆಯವಳಾಗಿ ತರಬೇಕೆಂದು ಅತ್ತೆ ಕರೆವ್ವ ಸೊಸೆಯ ಎದುರಿಗೇ ಮಾತೆತ್ತುತ್ತಿದ್ದಳು. ಆಗೆಲ್ಲ ಅನ್ನವ್ವ ಗಂಡನನ್ನು ಒಂದೇ ಮಾತು ಕೇಳುವಳು: "ನಿಮಗ ಮನಸೈತೇನ್ರಿ?" "ಇಲ್ಲ" ಎನ್ನುವನು ಅವನು. ಕೆನ್ನೆ ಅಲುಗುತ್ತಿರಲಿಲ್ಲ. ಅಷ್ಟು ನೋಡಿಕೊಂಡರೆ ಅವಳಿಗೆ ಕಣ್ತುಂಬ ನಿದ್ದೆ.

ಆದರೆ ತಟ್ಟೆ ಬಿಟ್ಟು ಎದ್ದುಹೋಗುವ ಗಂಡನನ್ನು ನೋಡುತ್ತ ಕೂರುವುದು ಅವಳಿಂದ ಆಗಲಿಲ್ಲ. ಅವನೆಂದರೆ ಅವಳಿಗೆ ಜೀವ. "ಏಳ್ರಿ, ತಿದ್ದೂಣು" ಎಂದಳು.

ತಿದ್ದುವ ದಾರಿಯೂ ಅವಳದೇ. ಚೆಂಡು ಮುಟ್ಟಿಸದೆ ಮೊದಲು ಸುಳ್ಳು ಹೇಳಿಸಿದಳು. "ನಮ್ಮ ಎಮ್ಮಿ ಬಸ್ಸ ಹೊಡಿತೈತಿ ಅನ್ರಿ." ಅನ್ನುವುದರೊಳಗೆ ಕೆನ್ನೆ ಉಬ್ಬುತ್ತಿತ್ತು. ಅವಳು ಬೆರಳಿನಿಂದ ಒತ್ತಿ ಹಿಡಿದು, "ಇನ್ನೊಮ್ಮೆ ಹೇಳ್ರಿ" ಎನ್ನುವಳು. ಮತ್ತೆ ಎಮ್ಮೆ, ಮತ್ತೆ ಬಸ್ಸು. ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ. "ಗಂಡಾ ಹೇಣ್ತಿ ಇಬ್ಬರಿಗೂ ಹುಚ್ಚ ಹಿಡದೈತಿ" ಎಂದು ಕರೆವ್ವ ಒಳಗಿನಿಂದ ಗೊಣಗುವಳು. ಆಮೇಲೆ ಚೆಂಡು. ದಿನಾ ಬೆಳಗ್ಗೆ ಗಿರಣಿಗೆ ಹೋಗುವ ಮುಂಚೆ ಅದೇ ಕೆಲಸ. ಕೊನೆಗೊಂದು ಬೆಳಗ್ಗೆ ಅವಳು "ಹೊರಗ" ಎಂದಳು. ಚೆಂಡು ಒಳಕ್ಕೆ ನುಗ್ಗಿತು. ಅನ್ನವ್ವ ಸೆಗಣಿಗೈಯಲ್ಲೇ ಚಪ್ಪಾಳೆ ತಟ್ಟಿದಳು.

ಹಿರೇಕೆರೂರಿಗೆ ಹೊರಟ ದಿನ ಕರೆವ್ವ ಮಗನ ಕೈಗೆ ಬುತ್ತಿ ಕೊಡುತ್ತ, "ಹಂಸಭಾವಿ ಮ್ಯಾಲ ಹಾಯ್ದ ಹೋಗ್ತಿ. ಬರೂವಾಗ ಮಾವನ ಮನಿಗೆ ಹೋಗಿ, ಹುಡುಗೀನ ಒಂದ ಸಲ ನೋಡಿ ಬಾ" ಎಂದಳು. ಅವನು ಬುತ್ತಿಯನ್ನು ಬಗಲಿಗೆ ಸಿಕ್ಕಿಸಿಕೊಂಡ. ಬಸ್ಸು ತಪ್ಪುತ್ತದೆಂದು ಓಡಿದ.

ಮರುದಿನ ಬೆಳಗ್ಗೆ ಖಲಂದರ ಬಾಗಿಲಿಗೇ ಬಂದು ಕೂಗಿದ: "ಅಕ್ಕಾರ, ನಿಮ್ಮ ಯಜಮಾನ್ರು ಆರ ಮಂದೀನ ಕೆಡವಿದ್ರು! ಯಾವ ಮಗಗೂ ತಿಳೀಲಿಲ್ಲ!"

ಅನ್ನವ್ವನಿಗೆ ಎದೆ ಉಬ್ಬಿ ಬಂತು. "ಮತ್ತ ಅವ್ರೆಲ್ಲಿ?"

"ಹಿರೇಕೆರೂರವ್ರು ಊಟಕ್ಕ ಹಿಡಕೊಂಡ್ರು. ನಾವು ಮುಂದ ಬಂದ್ವಿ."

ಅಂದು ಅವಳು ಕಸ ಗುಡಿಸಿದಲ್ಲೇ ಗುಡಿಸಿದಳು. ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದಳು. ಹೊತ್ತು ಮುಳುಗುವಾಗ ಉಳಿವೆಪ್ಪ ಬಂದ. ಕೊರಳಲ್ಲಿ ಬಾಡಿದ ಚೆಂಡುಹೂವಿನ ಮಾಲೆ. ಕಾಲಿಗೆ ನೀರು ಹಾಕುತ್ತ ಕೇಳಿದಳು: "ಹಂಸಭಾವ್ಯಾಗ ಇಳದಿದ್ರೇನ್ರಿ?"

"ಇಲ್ಲ."

ಅವಳು ಎಡಗೆನ್ನೆ ನೋಡಿದಳು. ಅಲುಗಿರಲಿಲ್ಲ. ಎಮ್ಮೆ ಬಸ್ಸು ಹೊಡೆಯುತ್ತದೆ ಎಂದಾಗಲೂ ಈಗ ಅದು ಅಲುಗುತ್ತಿರಲಿಲ್ಲ.

"ಇನ್ನೊಮ್ಮೆ ಹೇಳ್ರಿ."

ಅವನು ಆಟವೆಂದುಕೊಂಡು ನಕ್ಕ. "ಇಲ್ಲಾ ಅಂದ್ನೆಲ್ಲ."

ಅನ್ನವ್ವನ ಬೆರಳು ತಾನಾಗಿಯೇ ಹೋಗಿ ಅವನ ಕೆನ್ನೆ ಮುಟ್ಟಿತು. ಒರಟು ಗಡ್ಡ ತಾಗಿತು, ಅಷ್ಟೆ. ಅವಳು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಇನ್ನೊಂದು ಕೈಯಲ್ಲಿದ್ದ ತಂಬಿಗೆ ಓರೆಯಾಗಿ, ನೀರು ಅವನ ತೊಳೆದ ಕಾಲಿನ ಮೇಲೆಯೇ ಸುರಿಯುತ್ತಿತ್ತು.