ಎಡಗೈಯ ಉಗುರುಗಳು

ಗರಿಫಾಲ್ಯಾ ಅತ್ತೆ ತಮ್ಮನ ಹೆಣದ ಬಲಗೈಯನ್ನು ದ್ರಾಕ್ಷಾರಸದಲ್ಲಿ ಒರೆಸಿ ಮುಗಿಸಿ, ಎಡಗೈ ಎತ್ತಿಕೊಂಡು ಕತ್ತರಿಗೆ ಕೈಚಾಚಿದಳು. ಅರ್ಗಿರೋ ಕತ್ತರಿಯ ಮೇಲೆ ಅಂಗೈ ಇಟ್ಟಳು.

"ಅಪ್ಪನ ಉಗುರು ಹಾಗೇ ಇರ್ಲಿ ಅತ್ತೆ."

"ಹೆಂಗಸಿನ ಥರ ಇಷ್ಟುದ್ದ ಉಗುರಿಟ್ಕೊಂಡು ಮಣ್ಣಿಗೆ ಹೋಗ್ತಾನಾ?"

"ಅಪ್ಪ ಲೀರಾ ತಂತಿ ಒತ್ತಿದ್ದು ಬೆರಳಲ್ಲಲ್ಲ, ಉಗುರಲ್ಲಿ."

ಮಾತೇ ಆಡದ ಹುಡುಗಿ ಇಷ್ಟು ಆಡಿದ್ದಕ್ಕೇ ಅತ್ತೆ ಕತ್ತರಿ ಬಿಟ್ಟಳು. ಅರ್ಗಿರೋ ತನ್ನ ಎಡಗೈಯನ್ನು ಕಪ್ಪು ಅಂಗಿಯ ತೋಳಿನೊಳಗೆ ಎಳೆದುಕೊಂಡಳು.

ಅಂಗಳದಲ್ಲಿ ಗಂಡಸರು ಸತ್ತವನ ಲೀರಾದ, ಪಿಟೀಲಿನಂಥ ಆ ಪುಟ್ಟ ವಾದ್ಯದ, ಮಾತು ಎತ್ತಿದ್ದರು. ಅರ್ಗಿರೋಳ ಅಪ್ಪ, ಬೂಟು ಹೊಲಿಯುವ ಆಂದ್ರುಲಿಸ್, ಸಾಯುವ ಮುಂಚೆ ಎಲ್ಲರೆದುರು ಹೇಳಿದ್ದ: ಕಮಾನಿಗೆ ಕಟ್ಟಿದ ಗೆಜ್ಜೆ ತಾಳಕ್ಕೆ ಬೀಳೋ ಹಾಗೆ ಸಮಾಧಿ ಹತ್ರ ನುಡಿಸಿದವರಿಗೆ ಲೀರಾ. ಯಾರೂ ಇಲ್ದಿದ್ರೆ ಅದೂ ನನ್ ಜೊತೆ ಪೆಟ್ಟಿಗೆಯೊಳಗೆ.

"ಅವನಕ್ಕನ ಮಗ ಮನೂಸೋಸ್ ಇದಾನಲ್ಲ," ಅಂದರು. "ಪಟ್ಟಣದ ಮದುವೆಗಳಲ್ಲಿ ನುಡಿಸೋನು. ಅವನಿಗಲ್ದೆ ಇನ್ಯಾರಿಗೆ?"

* * *

ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ಅರ್ಗಿರೋ ಅಪ್ಪನ ಅಂಗಡಿಯಲ್ಲಿ ದಾರಕ್ಕೆ ಮೇಣ ಹಚ್ಚಲು ಕೂತಿದ್ದಳು. ಗಿರಾಕಿ ಇಲ್ಲದ ಹೊತ್ತು ಬಾಗಿಲು ಹಾಕಿ ಅಪ್ಪ ಅವಳ ಮೊಣಕಾಲ ಮೇಲೆ ಲೀರಾ ನಿಲ್ಲಿಸುತ್ತಿದ್ದ.

"ತೋಳು ಎಳೀಬೇಡ ಮಗಳೇ, ಮಣಿಕಟ್ಟು ಕುಣೀಲಿ. ನಮ್ಮಜ್ಜನ ಕಾಲದಲ್ಲಿ ಜೊತೆಗೆ ಬಾರಿಸೋರಿರ್ಲಿಲ್ಲ, ಗೆಜ್ಜೇನೇ ತಾಳ. ಆಮೇಲೆ ತಾಳಕ್ಕೆ ಅಂತ ಲಾವುತೋ ತಂತಿವಾದ್ಯ ಬಾರಿಸೋರು ಪಕ್ಕಕ್ಕೆ ಬಂದ್ರು. ಎಲ್ರೂ ಗೆಜ್ಜೆ ಕಿತ್ತಾಕಿ ಪಿಟೀಲಿನ ಉದ್ದ ಕಮಾನು ಹಿಡಿದ್ರು."

"ನಂಗೂ ಬರುತ್ತೆ ಅಂತ ಊರಿಗೆ ಹೇಳ್ತೀಯಾ ಅಪ್ಪ?"

ಅವನು ಸೂಜಿಗೆ ದಾರ ಪೋಣಿಸುತ್ತಲೇ ಅಂದ: "ಇಲ್ಲ. ಕೈ ನಿಂದು. ನೀನೇ ಚಾಚ್ಬೇಕು."

* * *

ಸಮಾಧಿಯ ಬಳಿ ಮನೂಸೋಸ್ ಸೊಗಸಾಗಿಯೇ ಶುರು ಮಾಡಿದ. ಆದರೆ ಅವನದು ಕಮಾನಿನ ಉದ್ದನೆಯ ಎಳೆತ. ಗೆಜ್ಜೆ ತನ್ನ ಪಾಡಿಗೆ ತಾನು ಚೆಲ್ಲಾಡಿತು.

"ಆಡು ಬೇಲಿ ಹಾರಿದ ಹಾಗಿದೆ ಕಣೋ," ಅಂದ ಕುರುಬ ಮುದುಕ ಕಂದಿಲಿಸ್.

ಮನೂಸೋಸ್ ಪೆಚ್ಚಾಗಿ ನಕ್ಕ. ಎರಡನೇ ಸಲ ಹಿಡಿದು ನೋಡಿ, ತಲೆಯಾಡಿಸಿದ. ಲೀರಾವನ್ನು ಅಂಗಿಯ ತುದಿಯಲ್ಲಿ ಒರೆಸಿ, ಮಾವನ ಪಕ್ಕ ಇಡಲು ಪೆಟ್ಟಿಗೆಗೆ ಬಗ್ಗಿದ.

ಅರ್ಗಿರೋ ಅಂಗಿಯ ತೋಳು ಸರಿಸಿ ಎಡಗೈ ಚಾಚಿದಳು.

ಮನೂಸೋಸ್ ನಾಲ್ಕು ಉಗುರುಗಳನ್ನು ನೋಡಿದ. ಒಂದೊಂದರ ಅಂಚಿನಲ್ಲೂ ತಂತಿ ಕೊರೆದ ಸಣ್ಣ ಗೆರೆ.

"ಎಷ್ಟು ದಿನದಿಂದ?"

"ಒಂಬತ್ತು ವರ್ಷ."

"ಕಳ್ಳಿ," ಅಂದವನೇ ಲೀರಾ ಕೊಟ್ಟು, ತಾನು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟ.

ಮೊದಲ ಎಳೆತಕ್ಕೆ ಗೆಜ್ಜೆ ತಡವರಿಸಿತು. ಅವಳು ನಿಲ್ಲಿಸಿ, ಮಣಿಕಟ್ಟು ಸಡಿಲಿಸಿ, ಮತ್ತೆ ಹಿಡಿದಳು. ಈಗ ಉಗುರು ತಂತಿಯ ಮಗ್ಗುಲನ್ನು ಮುಟ್ಟಿದಾಗಲೆಲ್ಲ ಗೆಜ್ಜೆ ಹೆಜ್ಜೆಯಿಟ್ಟ ಹಾಗೆ ಬಿತ್ತು. ಕಂದಿಲಿಸನ ಕೋಲು ಕಲ್ಲಿನ ಮೇಲೆ ತಾಳ ಹಾಕತೊಡಗಿತು. ಪೆಟ್ಟಿಗೆ ಮುಚ್ಚಲು ಅವಸರ ಮಾಡುತ್ತಿದ್ದ ಪಾದ್ರಿ ಕೈಕಟ್ಟಿ ನಿಂತ. ಮುಗಿದ ಮೇಲೆ ಅವಳು ತಲೆ ತಗ್ಗಿಸಲಿಲ್ಲ. ಲೀರಾವನ್ನು ಎದೆಗೊರಗಿಸಿಕೊಂಡು, ಬಲಗೈಯಲ್ಲಿ ಮೊದಲ ಹಿಡಿ ಮಣ್ಣು ಹಾಕಿದಳು.

ಮನೆ ಬಾಗಿಲಲ್ಲಿ ಅತ್ತೆ ಹೂಜಿ ಹಿಡಿದು, ಮಣ್ಣು ಮಾಡಿ ಬಂದವರ ಕೈಗೆಲ್ಲ ನೀರು ಹಾಕುತ್ತಿದ್ದಳು. ಅರ್ಗಿರೋ ಬಂದಾಗ ಹೂಜಿ ಕೆಳಗಿಟ್ಟಳು. ಬೆಳಿಗ್ಗೆ ಹೆಣ ಒರೆಸಿ ಸೀಸೆಯಲ್ಲಿ ಉಳಿದಿದ್ದ ದ್ರಾಕ್ಷಾರಸ ಬಗ್ಗಿಸಿ, ತಮ್ಮನ ಮಗಳ ಎಡಗೈ ಹಿಡಿದು, ಒಂದೊಂದೇ ಉಗುರನ್ನು ಒರೆಸತೊಡಗಿದಳು.